ಕಾಗದದ ಹಕ್ಕು, ಮಣ್ಣಿನ ಇಸ್ಕೂಲು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಆಫ್ರಿಕಾದ ಹಳ್ಳಿ ಮಕ್ಕಳ ಓದಿನ ಬಗ್ಗೆ ಮಾತಾಡಬೇಕು ಅಂತ ನೀವು ಕೇಳಿದಿರಿ. ಶುರುವಿಗೇ ಒಂದು ಮಾತು ಹೇಳಿಬಿಡ್ತೀನಿ. ಆಫ್ರಿಕಾ ಅನ್ನೋದು ಒಂದು ಊರಲ್ಲ, ಒಂದು ದೇಶವೂ ಅಲ್ಲ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡ ಅದು. ಪೇಪರಿನಲ್ಲಿ ಬರುವ ಹೊಟ್ಟೆ ಉಬ್ಬಿದ ಮಗುವಿನ ಪಟ ನೋಡಿ "ಪಾಪ, ಆಫ್ರಿಕಾ" ಅಂತ ನಿಟ್ಟುಸಿರು ಬಿಡುವವರ ಕನಿಕರ ನಮಗೆ ಬೇಡ. ಕನಿಕರದ ರುಚಿ ಎಂಥದ್ದು ಅಂತ ನಮಗೆ ಚೆನ್ನಾಗಿ ಗೊತ್ತಿದೆ. ಅಲ್ಲಿಯ ಜನ ತಮ್ಮ ಮಕ್ಕಳ ಓದಿಗಾಗಿ ಏನು ಮಾಡಿದರು ಅನ್ನೋದನ್ನ ನೋಡೋಣ.

ಮಲಾವಿ ದೇಶ 1994ರಲ್ಲಿ, ಉಗಾಂಡ 1997ರಲ್ಲಿ, ಕೀನ್ಯಾ 2003ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದವು. ತೆಗೆದದ್ದೇ ತಡ, ಲಕ್ಷಗಟ್ಟಲೆ ಮಕ್ಕಳು ಶಾಲೆಗೆ ನುಗ್ಗಿದರು. ಕೀನ್ಯಾದಲ್ಲಿ ಕಿಮಾನಿ ಮರುಗೆ ಎಂಬ ಅಜ್ಜ 2004ರಲ್ಲಿ ತನ್ನ 84ನೇ ವಯಸ್ಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿದರು. ಬಡವರಿಗೆ ಓದಿನ ಆಸೆಯೇ ಇಲ್ಲ ಅಂತ ಭಾಷಣ ಬಿಗಿಯುವವರಿಗೆ ಇದಕ್ಕಿಂತ ಉತ್ತರ ಬೇಕಾ?

ಶುಲ್ಕ ತೆಗೆದದ್ದು ದೊಡ್ಡ ಕೆಲಸ. ಅದನ್ನ ಸಣ್ಣದು ಮಾಡೋದು ಬೇಡ. ಆದರೆ ಬಾಗಿಲು ತೆಗೆದ ಮೇಲೆ ಒಳಗೆ ಏನಿತ್ತು? ಮಲಾವಿಯ ಹಳ್ಳಿಗಳಿಗೆ ಮಕ್ಕಳು ಬಂದರು, ಕೋಣೆಗಳು ಬರಲಿಲ್ಲ. ಮರದ ಕೆಳಗೆ ಕ್ಲಾಸು. ಕೆಳಗಿನ ತರಗತಿಗಳಲ್ಲಿ ಒಬ್ಬ ಮೇಷ್ಟ್ರ ಮುಂದೆ ನೂರಕ್ಕೂ ಹೆಚ್ಚು ಮಕ್ಕಳು. ಹಾಜರಿ ಪುಸ್ತಕಕ್ಕೆ ಹೆಸರು ಹತ್ತಿತು, ತಲೆಗೆ ಅಕ್ಷರ ಹತ್ತಲಿಲ್ಲ.

ಒಳಗೆ ಏನಿದೆ? ಈ ಒಂದು ಪ್ರಶ್ನೆ ಹಿಡಿದುಕೊಂಡು ಒಂದೇ ದೇಶಕ್ಕೆ ಹೋಗೋಣ. ದಕ್ಷಿಣ ಆಫ್ರಿಕಾಕ್ಕೆ. ಯಾಕೆ ಅದೇ ದೇಶ ಅಂದರೆ, ಕರಿಯ ಮಗು ಕಡಿಮೆ ಕಲಿಯಬೇಕು ಅಂತ ಕಾಯಿದೆ ಬರೆದ ದೇಶ ಅದು. ಎಲ್ಲ ಮಗುವೂ ಕಲಿಯಲೇಬೇಕು ಅಂತ ಸಂವಿಧಾನ ಬರೆದ ದೇಶವೂ ಅದೇ. ಈ ಎರಡರ ನಡುವೆ ಹಳ್ಳಿ ಮಕ್ಕಳು ನಡೆದ ದಾರಿ ನಮಗೆ ಪಾಠ ಆಗಬೇಕು.

ಮೊದಲು ಆ ಹಳೇ ಕಾಯಿದೆ. 1953ರ 'ಬಂಟು ಶಿಕ್ಷಣ ಕಾಯಿದೆ'. ಬಿಳಿಯರ ಸರ್ಕಾರದಲ್ಲಿ ಮಂತ್ರಿಯಾಗಿದ್ದ, ಮುಂದೆ ಪ್ರಧಾನಿಯೂ ಆದ ಹೆಂಡ್ರಿಕ್ ವರ್ವೂರ್ಡ್ ಇದರ ಯಜಮಾನ. ಇವನು ಸುತ್ತಿ ಬಳಸಿ ಮಾತಾಡುವವನಲ್ಲ. ಬಿಳಿಯರ ಸಮಾಜದಲ್ಲಿ ಕರಿಯನಿಗೆ ಒಂದು ಬಗೆಯ ಕೂಲಿಗಿಂತ ಮೇಲೆ ಜಾಗವಿಲ್ಲ, ಅದಕ್ಕಿಂತ ಹೆಚ್ಚಿನದನ್ನು ಅವನಿಗೆ ಕಲಿಸಿ ಏನೂ ಫಲವಿಲ್ಲ ಅನ್ನೋ ಅರ್ಥದ ಮಾತನ್ನು 1954ರಲ್ಲಿ ಸೆನೆಟ್ಟಿನಲ್ಲೇ ಎದ್ದು ನಿಂತು ಆಡಿದ. ಓದು ಕೊಡಲ್ಲ ಅಂತ ಅವನು ಹೇಳಲಿಲ್ಲ, ಗಮನಿಸಿ. ಅಳತೆ ಮಾಡಿ ಕೊಡ್ತೀನಿ ಅಂದ. ಕೂಲಿಗೆ ಬೇಕಾದಷ್ಟು.

ಅದಕ್ಕೆ ಮುಂಚೆ ಕರಿಯ ಮಕ್ಕಳಿಗೆ ಇದ್ದದ್ದು ಬಹುಪಾಲು ಮಿಷನರಿಗಳ ಶಾಲೆ. ಅವು ಎಲ್ಲರಿಗೂ ಸಿಗುತ್ತಿರಲಿಲ್ಲ. ಸಿಕ್ಕವರು ಮಾತ್ರ ಎಲ್ಲಿಗೋ ಹೋಗಿ ಮುಟ್ಟಿದರು. ನೆಲ್ಸನ್ ಮಂಡೇಲಾ ಕುನು ಎಂಬ ಹಳ್ಳಿಯ ಒಂದೇ ಕೋಣೆಯ ಇಸ್ಕೂಲಿಗೆ ಹೋದದ್ದು ಅಪ್ಪನ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿ, ಸೊಂಟಕ್ಕೆ ದಾರ ಬಿಗಿದುಕೊಂಡು. ಅವರ ಮನೆಯಲ್ಲಿ ಇಸ್ಕೂಲಿನ ಮುಖ ಕಂಡವರಲ್ಲಿ ಅವರೇ ಮೊದಲಿಗರು. 'ನೆಲ್ಸನ್' ಅನ್ನೋ ಹೆಸರು ಕೂಡ ಮೊದಲ ದಿನ ಟೀಚರಮ್ಮ ಇಟ್ಟದ್ದು. ಅಲ್ಲಿಂದ ಹೀಲ್ಡ್‌ಟೌನ್ ಎಂಬ ಮಿಷನ್ ಶಾಲೆ, ಆಮೇಲೆ ಫೋರ್ಟ್ ಹೇರ್ ಕಾಲೇಜು. ಇಂಥ ದಾರಿಯೇ ಇರಬಾರದು ಅಂತ ವರ್ವೂರ್ಡನ ಕಾಯಿದೆ ಬಂತು. ಮಿಷನ್ ಶಾಲೆಗಳಿಗೆ ಸರ್ಕಾರದ ದುಡ್ಡು ನಿಂತಿತು. ಹಲವು ಶಾಲೆಗಳು ಸರ್ಕಾರದ ಕೈಗೆ ಬಂದವು, ಕೆಲವು ಮುಚ್ಚಿಹೋದವು.

ಕೂಲಿಗೆ ಬೇಕಾದಷ್ಟು ಅಂದರೆ ಎಷ್ಟು? ಲೆಕ್ಕ ಇದೆ. 1975–76ರ ಹೊತ್ತಿಗೆ ಒಂದು ಬಿಳಿ ಮಗುವಿನ ಓದಿಗೆ ಆ ಸರ್ಕಾರ ವರ್ಷಕ್ಕೆ 644 ರ‍್ಯಾಂಡ್ ಖರ್ಚು ಮಾಡುತ್ತಿತ್ತು. ಒಂದು ಕರಿಯ ಮಗುವಿಗೆ 42 ರ‍್ಯಾಂಡ್. ಹದಿನೈದು ಪಾಲು ಅಂತರ.

ಹಳ್ಳಿಗಾಡಿನಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. ಬಿಳಿ ಜಮೀನ್ದಾರರ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ 'ಫಾರ್ಮ್ ಸ್ಕೂಲ್' ಅಂತ ಇದ್ದವು. ಜಾಗ ಜಮೀನ್ದಾರನದು, ಕಟ್ಟಡ ಅವನದು, ಶಾಲೆಯ ಮೇನೇಜರೂ ಅವನೇ. ಅವನಿಗೆ ಬೇಕಾದರೆ ಶಾಲೆ ತೆರೀತಿತ್ತು, ಬೇಡವಾದರೆ ಮುಚ್ಚುತ್ತಿತ್ತು. ಸುಗ್ಗಿ ಬಂದರೆ ಮಕ್ಕಳು ಸ್ಲೇಟು ಬಿಟ್ಟು ಹೊಲಕ್ಕೆ. ಬಹುಪಾಲು ಶಾಲೆಗಳು ಪ್ರಾಥಮಿಕ ತರಗತಿಗೇ ಮುಗಿಯುತ್ತಿದ್ದವು. ಮುಂದೆ ಓದಬೇಕಾದರೆ ತೋಟ ಬಿಡಬೇಕು. ಅಪ್ಪ ಅಮ್ಮ ಇರುವುದು ಅದೇ ತೋಟದ ಗುಡಿಸಲಲ್ಲಿ. ಬಿಟ್ಟು ಎಲ್ಲಿಗೆ ಹೋಗೋದು?

ಜನ ಸುಮ್ಮನೆ ಕೂರಲಿಲ್ಲ. 1955ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಕರೆಗೆ ಕೆಲವು ಪ್ರಾಂತ್ಯಗಳಲ್ಲಿ ತಂದೆತಾಯಿಗಳು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗೆ ಕರೆದುಕೊಂಡರು. ಹಾಗಂತ ಮಕ್ಕಳನ್ನು ಬೀದಿಗೆ ಬಿಡೋಕಾಗುತ್ತಾ? ಅನುಮತಿಯಿಲ್ಲದೆ ಶಾಲೆ ನಡೆಸುವುದು ಅಪರಾಧ. ಅದಕ್ಕೆ ಅವರು 'ಸಾಂಸ್ಕೃತಿಕ ಸಂಘ' ಅಂತ ಹೆಸರಿಟ್ಟು ಮಕ್ಕಳನ್ನು ಕೂಡಿಸಿದರು. ಕರಿಹಲಗೆ ಇಟ್ಟರೆ, ಸೀಮೆಸುಣ್ಣ ಹಿಡಿದರೆ ಪೊಲೀಸರು ಬರುತ್ತಾರೆ. ಹಾಗಾಗಿ ಹಾಡಿನಲ್ಲಿ, ಕತೆಯಲ್ಲಿ, ಆಟದಲ್ಲಿ ಲೆಕ್ಕವನ್ನೂ ಚರಿತ್ರೆಯನ್ನೂ ಹೇಳಿಕೊಟ್ಟರು. ಆ ಸಂಘಗಳು ಬಹಳ ವರ್ಷ ಉಳಿಯಲಿಲ್ಲ. ದುಡ್ಡಿಲ್ಲ, ಪೊಲೀಸರ ಕಾಟ. ಆದರೂ ಒಂದು ದೇಶದಲ್ಲಿ ಸೀಮೆಸುಣ್ಣ ಬಚ್ಚಿಟ್ಟುಕೊಂಡು ಪಾಠ ಹೇಳಬೇಕಾದ ಕಾಲವಿತ್ತು ಅನ್ನೋದನ್ನ ಮರೀಬೇಡಿ.

1976ರ ಜೂನ್ 16 ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಅರ್ಧ ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕು ಅಂತ ಸರ್ಕಾರ ಹೇರಿದಾಗ ಸೊವೆಟೋದ ಶಾಲಾ ಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಮುಂದಿನ ತಿಂಗಳುಗಳಲ್ಲಿ ದೇಶದ ಉದ್ದಗಲಕ್ಕೂ ನೂರಾರು ಜನ ಸತ್ತರು. ಸೊವೆಟೋ ಪಟ್ಟಣದ ಕತೆ, ಹಳ್ಳಿಯದಲ್ಲ. ಆದರೆ ಓದುವ ಮಕ್ಕಳೇ ಎದ್ದು ನಿಂತರೆ ಆಳುವವರ ಮಂಚ ಅಲುಗಾಡುತ್ತೆ ಅಂತ ಇಡೀ ದೇಶಕ್ಕೆ ಗೊತ್ತಾದದ್ದು ಅವತ್ತು.

1994ರಲ್ಲಿ ವರ್ಣಭೇದದ ಆಳ್ವಿಕೆ ಹೋಯಿತು. ಮಂಡೇಲಾ ಅಧ್ಯಕ್ಷರಾದರು. 1996ರಲ್ಲಿ ಹೊಸ ಸಂವಿಧಾನ ಬಂತು. ಅದರ 29ನೇ ವಿಧಿ ಹೇಳುತ್ತದೆ: ಮೂಲ ಶಿಕ್ಷಣ ಪ್ರತಿಯೊಬ್ಬರ ಹಕ್ಕು. ಇಲ್ಲೊಂದು ಸೂಕ್ಷ್ಮ ಇದೆ, ಕಾನೂನು ಓದುವವರು ಕಿವಿಗೊಡಿ. ಮನೆ, ಆರೋಗ್ಯ ಮುಂತಾದ ಹಕ್ಕುಗಳ ಬಗ್ಗೆ ಬರೆಯುವಾಗ ಆ ಸಂವಿಧಾನ, ಸರ್ಕಾರದ ಕೈಲಾದಷ್ಟು, ಹಂತ ಹಂತವಾಗಿ ಅನ್ನುತ್ತದೆ. ಮೂಲ ಶಿಕ್ಷಣದ ಹಕ್ಕಿಗೆ ಆ ಬಾಲ ಅಂಟಿಸಿಲ್ಲ. ಈ ಹಕ್ಕು ಇವತ್ತೇ ಸಲ್ಲಬೇಕಾದದ್ದು ಅಂತ 2011ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೂ ಹೇಳಿತು. 2007ರಿಂದ ಬಡ ಊರುಗಳ ಶಾಲೆಗಳಲ್ಲಿ ಶುಲ್ಕವನ್ನೂ ತೆಗೆದರು. ಇವತ್ತು ಅಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಶುಲ್ಕವಿಲ್ಲದ ಶಾಲೆಯಲ್ಲಿದ್ದಾರೆ.

ಹಕ್ಕು ಬಂತು. ಶುಲ್ಕ ಹೋಯಿತು. ಇನ್ನೇನು ಬೇಕು ಅನ್ನುತ್ತೀರಾ? ಪೂರ್ವ ಕೇಪ್ ಪ್ರಾಂತ್ಯಕ್ಕೆ ಬನ್ನಿ. ಮಂಡೇಲಾ ಹುಟ್ಟಿದ ಸೀಮೆ, ಸ್ಟೀವ್ ಬೀಕೋ ಹುಟ್ಟಿದ ಸೀಮೆ. ಸ್ವಾತಂತ್ರ್ಯ ಬಂದು ಹದಿನೈದು ವರ್ಷ ಕಳೆದರೂ ಅಲ್ಲಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಇಸ್ಕೂಲುಗಳು. ಊರಿನವರೇ ಮಣ್ಣು ಕಲಸಿ ಕಟ್ಟಿಕೊಂಡಂಥವು. ಮಳೆ ಬಂದರೆ ಗೋಡೆ ಕರಗುತ್ತೆ, ಗಾಳಿ ಬಂದರೆ ತಗಡು ಹಾರುತ್ತೆ. ಒಂದೇ ಕೋಣೆಯಲ್ಲಿ ಹಲವು ತರಗತಿ. ಕುಡಿಯೋಕೆ ನೀರಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ 2010ರಲ್ಲಿ ಅಂಥ ಏಳು ಶಾಲೆಗಳು ಕೋರ್ಟಿಗೆ ಹೋದವು. ಕೇಸು ವಾದಕ್ಕೆ ಬರುವ ಮೊದಲೇ, 2011ರ ಫೆಬ್ರವರಿಯಲ್ಲಿ, ಸರ್ಕಾರ ರಾಜಿಗೆ ಬಂತು. ಆ ಏಳು ಶಾಲೆಗಳಷ್ಟೇ ಅಲ್ಲ, ಇಂಥ ಎಲ್ಲ ಶಾಲೆಗಳನ್ನೂ ಹೊಸದಾಗಿ ಕಟ್ಟಲು ಮೂರು ವರ್ಷಕ್ಕೆ 820 ಕೋಟಿ ರ‍್ಯಾಂಡ್ ಕೊಡ್ತೀನಿ ಅಂತ ಸಹಿ ಹಾಕಿತು.

ಗೋಡೆ ಬಂದರೆ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಕೂತು, ಮಂಡಿಯೂರಿ ಬರೀತಿದ್ದರು. ಮತ್ತೆ ಕೋರ್ಟು. ಎಷ್ಟು ಬೆಂಚು ಬೇಕು ಅನ್ನುವ ಲೆಕ್ಕವೇ ಇನ್ನೂ ಸರಿಯಾಗಿಲ್ಲ, ದುಡ್ಡೂ ಇಲ್ಲ ಅಂತ ಇಲಾಖೆಯ ವಾದ. ಕೂತು ಬರೆಯಲು ಜಾಗವಿಲ್ಲದ ಮಗುವಿಗೆ ಶಿಕ್ಷಣದ ಹಕ್ಕು ಸಿಕ್ಕಿಲ್ಲ ಅಂತ 2014ರಲ್ಲಿ ಮ್ತಾತಾ ಊರಿನ ಹೈಕೋರ್ಟು ಹೇಳಿ ಗಡುವು ಹಾಕಿತು. ನೋಡಿ, ಬೆಂಚು ಅನ್ನೋದು ಅವತ್ತಿನಿಂದ ಹಕ್ಕಿನ ಒಂದು ಭಾಗ ಆಯಿತು. ಮರದ ನಾಲ್ಕು ಕಾಲಿನ ಬೆಂಚು! 2015ರಲ್ಲಿ ಅದೇ ಪ್ರಾಂತ್ಯದ ಇನ್ನೊಂದು ಕೇಸಿನಲ್ಲಿ, ದೂರದ ಹಳ್ಳಿ ಮಗುವಿಗೆ ಶಾಲೆ ಮುಟ್ಟಲು ಬಸ್ಸು ಕೂಡ ಹಕ್ಕೇ ಅಂತ ತೀರ್ಪಾಯಿತು.

ಇನ್ನು ಪುಸ್ತಕ. ಉತ್ತರದ ಲಿಂಪೋಪೋ ಪ್ರಾಂತ್ಯದಲ್ಲಿ 2012ರಲ್ಲಿ ಹೊಸ ಪಠ್ಯ ಬಂತು. ಅಲ್ಲಿ ಶಾಲೆ ಶುರುವಾಗೋದು ಜನವರಿಯಲ್ಲಿ. ಮೇ ತಿಂಗಳಾದರೂ ಪುಸ್ತಕ ಬರಲಿಲ್ಲ. ಕೋರ್ಟು ಛೀಮಾರಿ ಹಾಕಿತು. ಕೆಲವು ಕಡೆ ಹೊಸ ಪುಸ್ತಕಗಳೇ ಕಸದ ಹಾಗೆ ಬಿಸಾಕಿದ್ದು ಸಿಕ್ಕಿತು. ಮುಂದಿನ ವರ್ಷಗಳಲ್ಲೂ ಇದೇ ಹಾಡು. ಇಲಾಖೆ ಮಾತ್ರ, ಬಹುಪಾಲು ಪುಸ್ತಕ ತಲುಪಿಸಿದ್ದೀವಿ, ನೂರಕ್ಕೆ ನೂರು ಯಾರ ಕೈಲಾಗುತ್ತೆ ಅಂತ ಅಂದಿತು. ಆಗ ಹಳ್ಳಿಗಳ ಶಾಲಾ ಸಮಿತಿಯವರು, ತಂದೆತಾಯಿಗಳು ಒಂದು ಸಂಘಟನೆ ಕಟ್ಟಿಕೊಂಡು ಶಾಲೆ ಶಾಲೆಯಿಂದ ಲೆಕ್ಕ ತರಿಸಿದರು. ಯಾವ ತರಗತಿ, ಯಾವ ವಿಷಯ, ಎಷ್ಟು ಮಕ್ಕಳು, ಎಷ್ಟು ಪುಸ್ತಕ ಕಡಿಮೆ. ಆ ಪಟ್ಟಿ ಹಿಡಿದು ಕೋರ್ಟಿಗೆ ಹೋದರು. 2015ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು: ಪ್ರತಿ ಮಗುವಿಗೆ, ಪ್ರತಿ ವಿಷಯದ ಪುಸ್ತಕ, ಪಾಠ ಶುರುವಾಗುವ ಮೊದಲೇ ಕೈಯಲ್ಲಿರಬೇಕು. ಬಹುಪಾಲು ಅನ್ನೋದು ಸಲ್ಲದು. ಯಾಕಂದರೆ ಉಳಿದ ಆ ಸ್ವಲ್ಪ ಪಾಲಿನಲ್ಲಿ ಯಾವಾಗಲೂ ಇರೋದು ಯಾರ ಮಕ್ಕಳು? ಇದಕ್ಕೆ ಉತ್ತರ ನಾನು ಹೇಳಬೇಕಾಗಿಲ್ಲ.

ಈಗ ಹೇಳೋದು ಹೇಳೋಕೆ ಕಷ್ಟವಾದದ್ದು. ಲಿಂಪೋಪೋದ ಒಂದು ಹಳ್ಳಿ. 2014ರ ಜನವರಿ 20. ಶಾಲೆಗೆ ಸೇರಿ ಕೆಲವೇ ದಿನ ಆಗಿದ್ದ ಮೈಕೇಲ್ ಕೊಮಾಪೆ ಎಂಬ ಐದು ವರ್ಷದ ಹುಡುಗ ಶಾಲೆಯ ಗುಂಡಿ ಕಕ್ಕಸಿಗೆ ಹೋದ. ಕೂರುವ ಜಾಗ ಕುಸಿಯಿತು. ಹುಡುಗ ಗುಂಡಿಯೊಳಗೆ ಬಿದ್ದು ಮಲದಲ್ಲಿ ಮುಳುಗಿ ಸತ್ತ. ಗೆಳೆಯರೇ, ಈ ವಾಕ್ಯವನ್ನು ನಾನು ಕವಿತೆ ಮಾಡಲಾರೆ. ಮಲದ ಗುಂಡಿಯಲ್ಲಿ ಯಾರು ಸಾಯುತ್ತಾರೆ ಅಂತ ಇಲ್ಲಿ ಕೂತವರಿಗೆ ಗೊತ್ತು. ಆ ಮನೆಯವರು ಐದಾರು ವರ್ಷ ಕೋರ್ಟು ಅಲೆದು, 2019ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಪರಿಹಾರದ ತೀರ್ಪು ಪಡೆದರು. ಅಷ್ಟರಲ್ಲಿ, 2018ರ ಮಾರ್ಚಿನಲ್ಲಿ, ಪೂರ್ವ ಕೇಪಿನಲ್ಲಿ ಐದು ವರ್ಷದ ಇನ್ನೊಂದು ಹೆಣ್ಣುಮಗು ಹೀಗೇ ಸತ್ತಿತ್ತು. ಆಮೇಲೆ ಸರ್ಕಾರ ಎಣಿಸಿತು. ಬರೀ ಗುಂಡಿ ಕಕ್ಕಸು ಮುಂತಾದ ಕೆಟ್ಟ ಸ್ಥಿತಿಯ ಶಾಲೆಗಳು 3,898. ಆ ಪಟ್ಟಿಯ ಬಹುಪಾಲು ಶಾಲೆಗಳಿಗೆ ಈಗ ಹೊಸ ಕಕ್ಕಸು ಬಂದಿದೆ. ಎಣಿಸೋದಕ್ಕೆ ಎರಡು ಮಕ್ಕಳ ಹೆಣ ಬೀಳಬೇಕಿತ್ತಾ?

ಇಷ್ಟೆಲ್ಲ ಕೇಳಿದ್ದು ವಕೀಲರು ಮಾತ್ರ ಅಂತ ತಿಳೀಬೇಡಿ. 2008ರಲ್ಲಿ ಕೇಪ್‌ಟೌನ್ ಪಕ್ಕದ ಖಾಯೆಲಿಟ್ಷಾ ಎಂಬ ಬಡವರ ವಸತಿಯಲ್ಲಿ 'ಈಕ್ವಲ್ ಎಜುಕೇಷನ್' ಅಂತ ಒಂದು ಸಂಘಟನೆ ಹುಟ್ಟಿತು. ಅದರ ಬೆನ್ನೆಲುಬು ಹೈಸ್ಕೂಲು ಮಕ್ಕಳು, ನಿಮ್ಮ ತಮ್ಮ ತಂಗಿಯರ ವಯಸ್ಸಿನವರು. ಅವರ ಮೊದಲ ಹೋರಾಟ ಏನು ಗೊತ್ತಾ? ಒಂದು ಶಾಲೆಯ ಒಡೆದ ಕಿಟಕಿಗಳು. ಐನೂರು ಕಿಟಕಿ. ಪಟ ತೆಗೆದರು, ಸಹಿ ಮಾಡಿಸಿದರು, ಮೆರವಣಿಗೆ ಹೋದರು, ಗಾಜು ಹಾಕಿಸಿದರು. ಆಮೇಲೆ ಲೈಬ್ರರಿ ಕೇಳಿದರು. 2011ರ ಮಾರ್ಚಿನಲ್ಲಿ ಸಾವಿರಾರು ಮಕ್ಕಳು ಪಾರ್ಲಿಮೆಂಟಿಗೆ ನಡೆದರು. ಶಾಲೆ ಅಂದರೆ ಕನಿಷ್ಠ ಏನೇನು ಇರಬೇಕು ಅಂತ ಬರೆದುಕೊಡಿ, ಅದು ಅವರ ಬೇಡಿಕೆ. ಕೇಸು ಹಾಕಿ, ಬೀದಿಗಿಳಿದು, 2013ರ ನವೆಂಬರಿನಲ್ಲಿ ಆ ನಿಯಮ ಬರೆಸಿಕೊಂಡರು. ಮಣ್ಣಿನ ಶಾಲೆ, ನೀರು ಕಕ್ಕಸು ಕರೆಂಟು ಇಲ್ಲದ ಶಾಲೆ ಮೂರು ವರ್ಷದಲ್ಲಿ ಇಲ್ಲವಾಗಬೇಕು ಅಂತ ನಿಯಮ. ಆ ಗಡುವು 2016ಕ್ಕೆ ಮುಗಿಯಿತು, ಕೆಲಸ ಮುಗಿಯಲಿಲ್ಲ. 2018ರಲ್ಲಿ ಮತ್ತೆ ಕೋರ್ಟಿಗೆ ಹೋಗಿ ಸರ್ಕಾರ ನುಸುಳುವ ಕಿಂಡಿ ಮುಚ್ಚಿಸಿದರು. 2024ರಲ್ಲಿ ಸರ್ಕಾರ ತಿದ್ದುಪಡಿ ತಂದು ಗಡುವುಗಳನ್ನೇ ತೆಗೆದುಹಾಕಿತು. ಜಗಳ ಮುಗಿದಿಲ್ಲ. ಇಂಥ ಜಗಳ ಒಂದು ತೀರ್ಪಿಗೆ ಮುಗಿಯೋದೂ ಇಲ್ಲ.

ಕಟ್ಟಡ, ಬೆಂಚು, ಪುಸ್ತಕ ಎಲ್ಲ ಬಂದರೆ ಓದು ಬಂದಂತೆಯೇ? ಇಲ್ಲ. 2021ರಲ್ಲಿ ಹಲವು ದೇಶಗಳ ಮಕ್ಕಳ ಓದನ್ನು ಪರೀಕ್ಷೆ ಮಾಡಿದಾಗ ದಕ್ಷಿಣ ಆಫ್ರಿಕಾದ ನಾಲ್ಕನೇ ತರಗತಿಯ ನೂರು ಮಕ್ಕಳಲ್ಲಿ 81 ಮಕ್ಕಳಿಗೆ ಓದಿದ್ದರ ಅರ್ಥ ಹೇಳೋಕೆ ಬರಲಿಲ್ಲ. 2016ರಲ್ಲಿ 78 ಇತ್ತು. ನಡುವೆ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದರ ಹೊಡೆತ ಬೇರೆ. ವರ್ವೂರ್ಡ್ ಸತ್ತು ಅರ್ಧ ಶತಮಾನ ಆಯಿತು, ಅವನ ಅಳತೆಗೋಲು ಇನ್ನೂ ಕ್ಲಾಸಿನೊಳಗೆ ಬಿದ್ದಿದೆ.

ಯಾಕೆ ಹೀಗೆ? ಒಂದು ಕಾರಣ ಭಾಷೆ. ಹಳ್ಳಿ ಮಗು ಮೂರನೇ ತರಗತಿವರೆಗೆ ಖೋಸಾ, ಝುಲು, ಸೆಪೆಡಿ ಮುಂತಾದ ತನ್ನ ಮನೆಮಾತಿನಲ್ಲಿ ಕಲಿಯುತ್ತೆ. ನಾಲ್ಕಕ್ಕೆ ಬಂದ ಕೂಡಲೇ ಗಣಿತ, ವಿಜ್ಞಾನ ಎಲ್ಲ ಇಂಗ್ಲಿಷು. ಮನೆಮಾತಲ್ಲೇ ಓದು ಇನ್ನೂ ಕುದುರಿಲ್ಲ, ಅಷ್ಟರಲ್ಲಿ ನಡುನೀರಿನಲ್ಲಿ ದೋಣಿ ಬದಲಾಯಿಸು ಅಂದ ಹಾಗೆ. ಎಸೆಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋದವರು ಇಲ್ಲಿ ಯಾರಾದರೂ ಇದ್ದರೆ, ಪಕ್ಕದವರಿಗೆ ಇದನ್ನ ನೀವೇ ಬಿಡಿಸಿ ಹೇಳಿ. ಅಲ್ಲಿನ ಮಕ್ಕಳಿಗೆ ಅದು ಒಂಬತ್ತು ಹತ್ತು ವರ್ಷಕ್ಕೇ ಬರುತ್ತೆ. ಪೂರ್ವ ಕೇಪಿನ ಕೊಫಿಮ್ವಾಬಾ ಕಡೆ 2012ರಿಂದ ಮೇಲಿನ ತರಗತಿಗೂ ಖೋಸಾದಲ್ಲೇ ಗಣಿತ, ವಿಜ್ಞಾನ ಹೇಳಿಕೊಡುವ ಪ್ರಯೋಗ ನಡೆಯಿತು. ಇಂಗ್ಲಿಷನ್ನು ಬಿಡದೆ, ಮನೆಮಾತನ್ನೂ ಜೊತೆಗೆ ಮುಂದುವರಿಸುವ ಕ್ರಮವನ್ನು 2025ರಲ್ಲಿ ದೇಶದ ನಾಲ್ಕನೇ ತರಗತಿಗೆ ತರಲು ಶುರುಮಾಡಿದ್ದಾರೆ.

ಇನ್ನೊಂದು ಕಾರಣ, ಮೇಷ್ಟ್ರಿಗೆ ಯಾರೂ ಸಹಾಯಕ್ಕಿಲ್ಲ. ಅವರೂ ಬಂಟು ಶಿಕ್ಷಣದ ಅರೆಹೊಟ್ಟೆ ಓದು ಓದಿದವರ ಕೈಯಲ್ಲೇ ಕಲಿತವರು. ಅವರನ್ನು ಬೈದು ಏನು ಬಂತು? ವಾಯವ್ಯ ಪ್ರಾಂತ್ಯದಲ್ಲಿ 2015ರಿಂದ ಒಂದು ಅಧ್ಯಯನ ಮಾಡಿದರು. ಕೆಲವು ಶಾಲೆಗಳ ಮೇಷ್ಟ್ರನ್ನು ಎಲ್ಲೋ ಒಂದು ಕಡೆ ಕೂಡಿಸಿ ಕೆಲವು ದಿನ ತರಬೇತಿ ಕೊಟ್ಟರು. ಇನ್ನು ಕೆಲವು ಶಾಲೆಗಳಿಗೆ ಅದೇ ಪಾಠದ ಟಿಪ್ಪಣಿ, ಅದೇ ಸಣ್ಣ ಸಣ್ಣ ಕತೆ ಪುಸ್ತಕ ಕೊಟ್ಟು, ಅನುಭವ ಇರುವ ಒಬ್ಬರು ಆಗಾಗ ಕ್ಲಾಸಿಗೇ ಬಂದು ಪಕ್ಕದಲ್ಲಿ ನಿಂತು ತೋರಿಸಿಕೊಡುವ ಹಾಗೆ ಮಾಡಿದರು. ಎರಡು ವರ್ಷದಲ್ಲಿ, ಕ್ಲಾಸಿಗೆ ಜನ ಬಂದು ತೋರಿಸಿದ ಶಾಲೆಯ ಮಕ್ಕಳು ಏನೂ ಸಹಾಯ ಸಿಗದ ಶಾಲೆಯ ಮಕ್ಕಳಿಗಿಂತ ಒಂದು ವರ್ಷದ ಕಲಿಕೆಯ ನೂರಕ್ಕೆ ಸುಮಾರು 40 ಭಾಗ ಮುಂದಿದ್ದರು. ಬರೀ ತರಬೇತಿ ಅಷ್ಟು ಫಲ ಕೊಡಲಿಲ್ಲ. ಮನೆಮಾತಿನ ಪುಸ್ತಕ ಮತ್ತು ಮೇಷ್ಟ್ರ ಬೆನ್ನಿಗೆ ಒಬ್ಬ ಮನುಷ್ಯ, ಇವೆರಡೂ ಬೇಕು.

ಊಟದ ವಿಷಯ ಬಿಟ್ಟರೆ ಹಸಿದವರು ಕ್ಷಮಿಸಲ್ಲ. 1994ರಲ್ಲಿ ಮಂಡೇಲಾ ಸರ್ಕಾರ ಶುರುಮಾಡಿದ ಶಾಲೆ ಊಟ ಇವತ್ತು 90 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸಿಗುತ್ತಿದೆ. 2020ರಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿದಾಗ ಊಟವೂ ನಿಂತಿತು. ಲಿಂಪೋಪೋದ ಎರಡು ಶಾಲೆಗಳು ಮತ್ತು ಅದೇ ಈಕ್ವಲ್ ಎಜುಕೇಷನ್ ಕೋರ್ಟಿಗೆ ಹೋದವು. ಶಾಲೆಗೆ ಬರಲಿ ಬಿಡಲಿ, ಅರ್ಹ ಮಕ್ಕಳಿಗೆಲ್ಲ ಊಟ ಕೊಡಲೇಬೇಕು ಅಂತ ಜುಲೈನಲ್ಲಿ ಆದೇಶ ಆಯಿತು.

ಗೆಳೆಯರೇ, ಈ ಎಲ್ಲದರಿಂದ ನನಗೆ ಅರ್ಥವಾದದ್ದು ಒಂದೇ. ಹಕ್ಕು ಅನ್ನೋ ಮಾತು ಸಂವಿಧಾನದಲ್ಲಿ ಒಂದು ಸಾಲು. ಅದು ಹಳ್ಳಿ ಮಗುವಿನ ಹತ್ತಿರ ಬರಬೇಕಾದರೆ ಗೋಡೆಯಾಗಿ ಬರಬೇಕು, ಬೆಂಚಾಗಿ, ಬಸ್ಸಾಗಿ, ಪುಸ್ತಕವಾಗಿ, ಭದ್ರವಾದ ಕಕ್ಕಸಾಗಿ, ಒಂದು ತಟ್ಟೆ ಅನ್ನವಾಗಿ, ತನ್ನ ಭಾಷೆಯ ಅಕ್ಷರವಾಗಿ ಬರಬೇಕು. ಇವೆಲ್ಲ ಎಣಿಸಬಹುದಾದ ವಸ್ತುಗಳು. ಎಣಿಸಿದವರಿಗೆ ಸಿಕ್ಕಿತು. ಆಳುವವರು "ಶಿಕ್ಷಣಕ್ಕೆ ನಾವು ಬದ್ಧ" ಅಂದಾಗ ಅಲ್ಲಿನ ಮಕ್ಕಳು ಚಪ್ಪಾಳೆ ಹೊಡೆಯಲಿಲ್ಲ. ಕಿಟಕಿ ಎಷ್ಟು ಒಡೆದಿದೆ ಅಂತ ಎಣಿಸಿ ತೋರಿಸಿದರು. ವರ್ವೂರ್ಡ್ ಅಳೆದು ಕೊಟ್ಟ. ಇವರು ಎಣಿಸಿ ಕೇಳಿದರು.

ಸೀಮೆಸುಣ್ಣ ಬಚ್ಚಿಟ್ಟುಕೊಂಡು ಕಲಿತವರ ಮೊಮ್ಮಕ್ಕಳು ಇವತ್ತು ಕೋರ್ಟಿನ ಕಟಕಟೆಯಲ್ಲಿ ಇಲಾಖೆಯನ್ನು ನಿಲ್ಲಿಸುತ್ತಿದ್ದಾರೆ. ಅವರಿಗೆ ನಮ್ಮ ಸಹಾಯ ಬೇಕಾಗಿಲ್ಲ, ಅವರನ್ನು ಓದಿಕೊಳ್ಳಬೇಕಾದವರು ನಾವು. ಪುಸ್ತಕ ಇದೆ, ಪೆನ್ನಿದೆ, ಎಣಿಸೋಕೆ ನಿಮಗೆ ಬರುತ್ತೆ. ಆಮೇಲೆ ನಾಲ್ಕು ಜನ ಒಟ್ಟಿಗೆ ಹೋಗಿ ಕೇಳೋಕೆ ಗುಂಡಿಗೆ ಇರಬೇಕು, ಅಷ್ಟೆ.